ಹಸಿರು ಮುಚ್ಚಳ, ಬಿಳಿ ಮುಚ್ಚಳ

ಜನವರಿ 6, ಸೋಮವಾರ

ಪ್ರಯೋಗಾಲಯದ ನೋಟ್‌ಬುಕ್ಕಿನಲ್ಲಿ ‘ಕಾರಣ’ ಎಂಬ ಅಂಕಣ ಎರಡು ಬೆರಳಗಲ ಇದೆ. ಅದರಲ್ಲಿ ‘ಎಳೆ ಹರಿಯಿತು’, ‘ಲಿಫ್ಟ್ ಓಡಾಡಿತು’ ಎಂದಷ್ಟೇ ಬರೆಯಬಹುದು. ಸುಸ್ತಾಯಿತು ಎಂದು ಬರೆಯುವ ಹಾಗಿಲ್ಲ. ಅದಕ್ಕೇ ಈ ಪುಸ್ತಕ. ಯಾರಿಗೂ ತೋರಿಸುವುದಕ್ಕಲ್ಲ, ಹಾಗಾಗಿ ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ನಡೆಯುತ್ತದೆ.

ಇವತ್ತು ಕೊಳವೆಗಳು ಬಂದವು. ಕೆಲವಕ್ಕೆ ಹಸಿರು ಮುಚ್ಚಳ, ಕೆಲವಕ್ಕೆ ಬಿಳಿ. ಒಂದು ಬಣ್ಣದ್ದರಲ್ಲಿ ಎಲ್ಲರ ಹೃದಯದಲ್ಲೂ ಇರುವ ಸಾಮಾನ್ಯ ಮೋಟಾರು, ಇನ್ನೊಂದರಲ್ಲಿ ನಮ್ಮ ಮನೆಯದು. ಮೋಟಾರು ಎಂದರೆ ಸ್ನಾಯುವಿನ ಪ್ರೋಟೀನು. ಇಂಥ ಕೋಟಿಗಟ್ಟಲೆ ಪ್ರೋಟೀನುಗಳು ಪಕ್ಕದ ಎಳೆಯನ್ನು ಹಿಡಿದು ಜಗ್ಗಿ ಬಿಡುವುದಕ್ಕೇ ನಾವು ಎದೆಬಡಿತ ಎನ್ನುವುದು. ಒಂದೊಂದು ಎಷ್ಟು ಬಲವಾಗಿ ಜಗ್ಗುತ್ತದೆ ಎಂದು ಅಳೆಯುವುದು ಹದಿನಾರು ವರ್ಷಗಳಿಂದ ನನ್ನ ಕಸುಬು. ಆ ಬಲ ಎಷ್ಟು ಚಿಕ್ಕದೆಂದರೆ ಒಂದು ಸಾಸಿವೆ ಕಾಳು ಎತ್ತಲು ಕೋಟಿ ಮೋಟಾರಾದರೂ ಬೇಕು.

ನಮ್ಮ ಮನೆಯ ಮೋಟಾರಿನಲ್ಲಿ ಒಂದೇ ಒಂದು ಕೊಂಡಿ ಬದಲಾಗಿದೆ. ಅಪ್ಪ ನಲವತ್ತೇಳನೆಯ ವಯಸ್ಸಿಗೆ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತ ಕುಸಿದು ತೀರಿಕೊಂಡ. ಅಣ್ಣನಿಗೂ ಅದೇ ಬಂದಿದೆ. ನನಗೆ ಬಂದಿಲ್ಲ. ಪರೀಕ್ಷೆಯ ಕಾಗದ ಕೈಗೆ ಬಂದ ದಿನ ಅಣ್ಣ, ‘ಸದ್ಯ, ನೀನಾದ್ರೂ ಪಾರಾದೆ’ ಎಂದು ನನ್ನ ಬೆನ್ನು ತಟ್ಟಿದ. ನನಗೆ ಕದ್ದು ಸಿಕ್ಕಿಬಿದ್ದಷ್ಟು ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಹೃದಯದ ಡಾಕ್ಟರ ಬಳಿ ಹೊಸ ಔಷಧಿಯಿದೆ. ಅತಿಯಾಗಿ ಜಗ್ಗುವ ಮೋಟಾರಿಗೆ ಅದು ಕಡಿವಾಣ ಹಾಕುತ್ತದೆ. ನಮ್ಮದು ಸಾಮಾನ್ಯದ್ದಕ್ಕಿಂತ ಜೋರಾಗಿ ಜಗ್ಗುತ್ತದೆ ಎಂದಾದರೆ ಅಣ್ಣ ಆ ಔಷಧಿ ಪಡೆಯುವವರ ಪಟ್ಟಿಗೆ ಸೇರುತ್ತಾನೆ, ಇಲ್ಲವಾದರೆ ಇಲ್ಲ. ಪಟ್ಟಿ ಮಾರ್ಚ್ ಕೊನೆಗೆ ಮುಚ್ಚುತ್ತದೆ.

ನಮ್ಮ ಮೇಡಂ ಎದುರು ಕೂರಿಸಿಕೊಂಡು ಹೇಳಿದರು. ‘ನಿನ್ನಷ್ಟು ಸ್ಥಿರವಾದ ಕೈ ಇಲ್ಲಿ ಇನ್ನೊಬ್ಬರಿಗಿಲ್ಲ. ಅದಕ್ಕೆ ಅಳೆಯೋದು ನೀನೇ. ಆದ್ರೆ ಯಾವ ಬಣ್ಣ ಯಾವುದು ಅಂತ ನಿಂಗೆ ಗೊತ್ತಿರಬಾರದು.’ ಗೊತ್ತಿರುವುದು ಪ್ರೋಟೀನು ತಯಾರಿಸುವವನಿಗೆ ಮಾತ್ರ. ಅವನನ್ನು ನಾವು ಬಾಣಸಿಗ ಎನ್ನುತ್ತೇವೆ. ಅವನು ಬರೆದುಕೊಟ್ಟ ಚೀಟಿ ಅಂಟಿಸಿದ ಲಕೋಟೆಯಲ್ಲಿ ಗ್ರಂಥಾಲಯದ ಅಮ್ಮನ ಕಪಾಟಿನಲ್ಲಿದೆ. ಆಕೆಗೆ ಹೃದಯ, ಮೋಟಾರು ಏನೂ ಸಂಬಂಧವಿಲ್ಲ. ಪುಸ್ತಕ ತಡವಾಗಿ ತಂದವರನ್ನು ದುರುಗುಟ್ಟುವುದು ಬಿಟ್ಟರೆ ಆಕೆಗೆ ಬೇರೆ ಚಿಂತೆಯಿಲ್ಲ.

ಜನವರಿ 10, ಶುಕ್ರವಾರ

ನೆಲಮಾಳಿಗೆಯ ಕೋಣೆ. ಕಿಟಕಿಯಿಲ್ಲ. ಒಳಗೆ ಕಾಲುಚೀಲದಲ್ಲೇ ಓಡಾಡಬೇಕು, ಮಾತಾಡಬಾರದು, ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಮೇಲೆ ಲಿಫ್ಟ್ ಓಡಾಡಿದರೂ ಅಳತೆ ಕೆಡುತ್ತದೆ. ಅದಕ್ಕೇ ಬೆಳಗ್ಗೆ ಆರಕ್ಕೆ ಬಂದು, ಜನ ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿಸುತ್ತೇನೆ.

ಕೆಲಸ ಇಷ್ಟೇ. ಬೆಳಕಿನ ಚಿಮುಟದಲ್ಲಿ, ಅಂದರೆ ಲೇಸರ್ ಕಿರಣದ ಹಿಡಿತದಲ್ಲಿ, ಕಣ್ಣಿಗೆ ಕಾಣದ ಎರಡು ಮಣಿಗಳನ್ನು ಹಿಡಿದು, ನಡುವೆ ಒಂದು ಎಳೆಯನ್ನು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿಯುವುದು. ಕೆಳಗೆ ಕೂತಿರುವ ಮೋಟಾರಿನ ಹತ್ತಿರಕ್ಕೆ ಅದನ್ನು ಇಳಿಸಿ ಕಾಯುವುದು. ಮಣಿ ನೀರಿನಲ್ಲಿ ಸದಾ ನಡುಗುತ್ತಿರುತ್ತದೆ. ಪರದೆಯ ಮೇಲೆ ಆ ನಡುಕ ಒಂದು ದಪ್ಪ ಗೆರೆ. ಮೋಟಾರು ಎಳೆಯನ್ನು ಹಿಡಿದ ಕ್ಷಣ ಗೆರೆ ತೆಳ್ಳಗಾಗಿ ಪಕ್ಕಕ್ಕೆ ಸರಿಯುತ್ತದೆ, ಬಿಟ್ಟಾಗ ಮತ್ತೆ ದಪ್ಪ. ಎಷ್ಟು ಸರಿಯಿತೋ ಅದರಿಂದ ಬಲ ಎಷ್ಟು ಎಂದು ಲೆಕ್ಕ. ಒಮ್ಮೊಮ್ಮೆ ಹತ್ತು ನಿಮಿಷ ಕಣ್ಣು ಮಿಟುಕಿಸದೆ ಕೂತರೂ ಏನೂ ಆಗುವುದಿಲ್ಲ.

ಒಂದು ಮೋಟಾರಿಗೆ ಒಂದು ದಾಖಲೆ. ಸಂಜೆ ಎಲ್ಲವನ್ನೂ ನೋಡಿ, ಕೆಟ್ಟಿದ್ದನ್ನು ‘ಕಸ’ ಎಂದು ಹೆಸರಿಟ್ಟ ಕಡತಕ್ಕೆ ತಳ್ಳುತ್ತೇನೆ. ಗೆರೆ ತೀರಾ ಹೆಚ್ಚು ಸರಿದಿದ್ದರೆ ಎರಡು ಮೋಟಾರು ಒಟ್ಟಿಗೆ ಜಗ್ಗಿರಬಹುದು, ಅದು ಕಸ. ತೀರಾ ಕಡಿಮೆ ಸರಿದಿದ್ದರೆ ಮೋಟಾರು ನೆಟ್ಟಗೆ ಕೂತಿರಲಿಲ್ಲ, ಅದೂ ಕಸ. ‘ತೀರಾ’ ಎಂದರೆ ಎಲ್ಲಿಂದ ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ಅದು ಕಣ್ಣಿಗೆ ಬಿಟ್ಟದ್ದು, ಮತ್ತು ನನ್ನದು ಹದಿನಾರು ವರ್ಷದ ಕಣ್ಣು.

ಈ ವಾರ ಇಪ್ಪತ್ತು ದಾಖಲೆ, ಐದು ಕಸ. ಹಸಿರಿನದು ಎರಡು, ಬಿಳಿಯದು ಮೂರು. ಕುತ್ತಿಗೆ ನೋವು.

ಜನವರಿ 17, ಶುಕ್ರವಾರ

ಕಾಫಿ ಯಂತ್ರದ ಬಳಿ ಬಾಣಸಿಗ ಸಿಕ್ಕಿದ. ಅವನ ಬಾಯಿಗೆ ಬೀಗವಿಲ್ಲ.

‘ಎರಡರಲ್ಲಿ ಒಂದು ಭಾರೀ ಕಾಟ ಕೊಡ್ತು. ಮೂರು ಸಲ ಮಾಡಿದ್ರೂ ಚೂರೇ ಚೂರು ಸಿಕ್ಕಿದ್ದು. ಯಾವುದು ಅಂತ ಮಾತ್ರ ಕೇಳ್ಬೇಡಿ.’

‘ನಾನೆಲ್ಲಿ ಕೇಳಿದೆ?’ ಎಂದೆ.

ಕೇಳಲಿಲ್ಲ. ಆದರೆ ತಣ್ಣನೆಯ ಪೆಟ್ಟಿಗೆ ತೆಗೆದಾಗ ಕಣ್ಣು ತಾನಾಗಿ ಎಣಿಸಿತು. ಬಿಳಿ ಇಪ್ಪತ್ತನಾಲ್ಕು, ಹಸಿರು ಹನ್ನೊಂದು. ಕಾಟ ಕೊಡುವುದು ಇನ್ಯಾವುದು, ನಮ್ಮ ಮನೆಯದೇ ಇರಬೇಕು. ನಮ್ಮ ವಂಶದ್ದು ಯಾವುದು ತಾನೇ ಮೊದಲ ಸಲಕ್ಕೆ ಸರಿಯಾಗಿದೆ.

ಇದನ್ನು ಯೋಚಿಸಬಾರದು. ಯೋಚಿಸುವುದಿಲ್ಲ.

ಜನವರಿ 23, ಗುರುವಾರ

ಮಧ್ಯಾಹ್ನ ಅಣ್ಣನ ಫೋನು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನನ್ನು ಹೃದಯದ ಕಾರಣಕ್ಕೆ ಸ್ಟಿಯರಿಂಗಿನಿಂದ ಎಬ್ಬಿಸಿ, ಡಿಪೋದಲ್ಲಿ ಪ್ರಯಾಣಿಕರು ಬಿಟ್ಟುಹೋದ ವಸ್ತುಗಳ ಕೌಂಟರಿನಲ್ಲಿ ಕೂರಿಸಿದ್ದಾರೆ. ದಿನಾ ಒಂದು ಕತೆ ಅಲ್ಲಿಂದ.

‘ಗುಬ್ಬಿ, ಇವತ್ತು ಯಾರೋ ಊರುಗೋಲು ಬಿಟ್ಟು ಹೋಗಿದಾರೆ ಕಣೇ. ಊರುಗೋಲು ಇಲ್ದೆ ಹೆಂಗೆ ಇಳಿದ್ರು ಅಂತ ಬೆಳಗ್ಗಿಂದ ಯೋಚ್ನೆ ಮಾಡ್ತಿದೀನಿ.’

‘ಬಸ್ಸಲ್ಲೇ ವಾಸಿಯಾಗಿರಬೇಕು.’

‘ಯಾವ ನಂಬರ್ ಬಸ್ಸು ಅಂತ ತಿಳ್ಕೊಂಡು ನಾನೂ ಹತ್ತಬೇಕು’ ಎಂದ. ನಗುತ್ತ ನಗುತ್ತ ಮಧ್ಯೆ ನಿಲ್ಲಿಸಿ ಉಸಿರು ತೆಗೆದುಕೊಂಡ. ಎರಡು ಸಲ. ಮೊದಲು ಹೀಗಿರಲಿಲ್ಲ.

‘ಭಾನುವಾರ ಬಾ. ನಿಮ್ಮತ್ತಿಗೆ ಕೇಳ್ತಿದ್ಲು.’

‘ಈ ವಾರ ಆಗಲ್ಲ ಅಣ್ಣ. ನಿಂದೇ ಕೆಲಸ ಮಾಡ್ತಿರೋದು.’

ಹಸಿರಿನಲ್ಲಿ ಇವತ್ತು ಒಂದು ಒಳ್ಳೆಯ ದಾಖಲೆ ಬಂತು. ನಾವು ಬಲ ಅಳೆಯುವ ಮಾನದಲ್ಲಿ ಮೂರು ಪಿಕೋನ್ಯೂಟನ್. ಸ್ವಲ್ಪ ಹೆಚ್ಚೇ ಆಯಿತು, ಎರಡು ಮೋಟಾರು ಇರಬಹುದೇ ಎಂದು ಒಂದು ಕ್ಷಣ ಅನುಮಾನವಾಯಿತು. ಆದರೆ ಗೆರೆ ಅಚ್ಚುಕಟ್ಟಾಗಿತ್ತು. ಇಟ್ಟುಕೊಂಡೆ.

ಫೆಬ್ರವರಿ 1, ಶನಿವಾರ

ಐದಕ್ಕೆ ಎದ್ದು ಎದ್ದು ಕಣ್ಣಿನ ಕೆಳಗೆ ಕಪ್ಪು ಬಂದಿದೆ. ಮನೆಯಲ್ಲಿ ಪಾತ್ರೆ ಮೂರು ದಿನದ್ದು. ಒಂಟಿ ಹೆಂಗಸಿಗೆ ಇಷ್ಟು ಪಾತ್ರೆ ಎಲ್ಲಿಂದ ಬರುತ್ತವೋ.

ಬಿಳಿಯದು ಈ ವಾರ ತಲೆ ತಿಂದಿತು. ಮೂರರ ಹತ್ತಿರದ ದಾಖಲೆ ನಾಲ್ಕು ಬಂದವು. ನಾಲ್ಕೂ ಕಸಕ್ಕೆ ಹಾಕಿದೆ. ಬಿಳಿ ಕೊಳವೆಯಲ್ಲಿ ಸರಕು ಹೆಚ್ಚಿದೆ, ಮೋಟಾರುಗಳು ಒತ್ತೊತ್ತಾಗಿ ಕೂರುತ್ತವೆ, ಎರಡೆರಡು ಒಟ್ಟಿಗೆ ಜಗ್ಗುವುದು ಸಹಜ. ಹಸಿರಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ತೊಂದರೆ ಬೇರೆ, ಕೆಲವು ನೆಟ್ಟಗೆ ಕೂರದೆ ಸುಮ್ಮನೆ ಒಂದಿಷ್ಟು ಅಲ್ಲಾಡಿಸಿ ಬಿಡುತ್ತವೆ. ಅಂಥವು ಐದು ತೆಗೆದೆ.

ನೋಟ್‌ಬುಕ್ಕಿನ ಅಂಕಣದಲ್ಲಿ ‘ಎರಡು ಒಟ್ಟಿಗೆ’, ‘ಸರಿಯಾಗಿ ಕೂತಿಲ್ಲ’ ಎಂದು ಬರೆದು ಬರೆದು ಅಕ್ಷರವೇ ಚಿಕ್ಕದಾಗಿದೆ.

ಫೆಬ್ರವರಿ 5, ಬುಧವಾರ

ಪಿಸು ಇವತ್ತು ಕೆಣಕಿದಳು. ಪಿಸು ಎಂದರೆ ನನ್ನ ಜೊತೆ ಕೆಲಸ ಕಲಿಯುತ್ತಿರುವ ಸಂಶೋಧನಾ ವಿದ್ಯಾರ್ಥಿನಿ. ಕೋಣೆಯಲ್ಲಿ ಮಾತಾಡಬಾರದು ಎಂದಿದ್ದಕ್ಕೆ ಹೊರಗೂ ಪಿಸುಗುಡುತ್ತಾಳೆ. ಕ್ಯಾಂಟೀನಿನವನು ಅವಳಿಗೆ ಗಂಟಲು ನೋವೆಂದು ತಿಳಿದು ಬಿಸಿನೀರು ಕೊಡುತ್ತಾನೆ.

ಸಂಜೆ ನಾನು ದಾಖಲೆ ನೋಡುವಾಗ ಪಕ್ಕದಲ್ಲಿ ನಿಂತಿದ್ದಳು.

‘ಅಕ್ಕ, ಇದನ್ಯಾಕೆ ತೆಗೆದ್ರಿ?’

‘ಎರಡು ಒಟ್ಟಿಗೆ ಜಗ್ಗಿವೆ. ಕಾಣಲ್ವಾ?’

‘ನಿನ್ನೆ ಹಸಿರಲ್ಲಿ ಇಂಥದ್ದೇ ಒಂದನ್ನ ಇಟ್ಕೊಂಡ್ರಲ್ಲ.’

‘ಅದು ಬೇರೆ, ಇದು ಬೇರೆ. ಹತ್ತು ವರ್ಷ ನೋಡಿದ್ರೆ ನಿಂಗೂ ಗೊತ್ತಾಗುತ್ತೆ’ ಎಂದೆ. ದನಿ ಜೋರಾಗಿತ್ತು ಅನ್ನಿಸುತ್ತದೆ. ಅವಳು ತಲೆಯಾಡಿಸಿ ತನ್ನ ಮೇಜಿಗೆ ಹೋದಳು. ಕಣ್ಣು ತುಂಬಿತ್ತೋ ಏನೋ, ಕನ್ನಡಕದಲ್ಲಿ ಗೊತ್ತಾಗಲಿಲ್ಲ.

ಇವಳಿಗೇನು, ಇಪ್ಪತ್ತೈದು ವರ್ಷ. ಇವಳ ಅಣ್ಣ ಯಾವುದೋ ಮೈದಾನದಲ್ಲಿ ಚೆಂಡು ಒದೆಯುತ್ತಿರುತ್ತಾನೆ.

ಫೆಬ್ರವರಿ 12, ಬುಧವಾರ

ಲಿಫ್ಟ್ ರಿಪೇರಿ. ಇಡೀ ದಿನ ಢಬಢಬ. ಒಂದೂ ದಾಖಲೆಯಿಲ್ಲ.

ಫೆಬ್ರವರಿ 13, ಗುರುವಾರ

ಇವತ್ತೂ.

ಅತ್ತಿಗೆ ಫೋನು ಮಾಡಿದ್ದರು. ಅಣ್ಣ ಸ್ನಾನ ಮುಗಿಸಿ ಬಂದು ಹಾಸಿಗೆಯ ಅಂಚಿನಲ್ಲಿ ಕಾಲು ಗಂಟೆ ಕೂತಿರುತ್ತಾನಂತೆ, ಅಂಗಿ ಹಾಕಿಕೊಳ್ಳುವುದಕ್ಕೂ ಆಗದೆ. ‘ನಿನ್ನ ಹತ್ರ ಹೇಳ್ಬೇಡ ಅಂದಿದಾರೆ. ಆ ಪಟ್ಟಿಗೆ ಹೆಸರು ಸೇರುತ್ತೆ ತಾನೇ?’ ಎಂದರು.

‘ಸೇರುತ್ತೆ ಅತ್ತಿಗೆ, ನೀವು ಸುಮ್ಮನಿರಿ’ ಎಂದೆ. ಫೋನು ಇಟ್ಟೆ. ಹಾಗೆ ಹೇಳಲು ನನಗೆ ಏನು ಅಧಿಕಾರವಿತ್ತು? ಆದರೆ ಹಸಿರು ಹಾಗೇ ತೋರಿಸುತ್ತಿದೆಯಲ್ಲ. ನಾನು ಇಲ್ಲದ್ದನ್ನು ಹೇಳಲಿಲ್ಲ.

ಫೆಬ್ರವರಿ 20, ಗುರುವಾರ

ಮುಗಿಯಿತು. ಇನ್ನೂರ ಹನ್ನೆರಡು ದಾಖಲೆ, ಅದರಲ್ಲಿ ಎಪ್ಪತ್ತೊಂದು ಕಸ. ಕಸ ಸ್ವಲ್ಪ ಹೆಚ್ಚಾಯಿತು, ಆದರೆ ಉಳಿದದ್ದು ತೊಳೆದಿಟ್ಟ ಹಾಗಿದೆ. ಹಸಿರು ಸರಾಸರಿ 2.2, ಬಿಳಿ 1.4. ಎರಡು ಗುಂಪೂ ಬೇರೆಬೇರೆ ಎದ್ದು ಕಾಣುತ್ತವೆ. ಹದಿನಾರು ವರ್ಷದಲ್ಲಿ ಇಷ್ಟು ಚೊಕ್ಕ ಚಿತ್ರ ನನ್ನ ಕೈಯಿಂದ ಬಂದದ್ದಿಲ್ಲ.

ಖುಷಿಯಾಗಬೇಕಿತ್ತು. ನಿದ್ದೆ ಬರುತ್ತಿದೆ, ಅಷ್ಟೇ. ಲಕೋಟೆ ಒಡೆಯುವುದು ಮುಂದಿನ ಶುಕ್ರವಾರ.

ಫೆಬ್ರವರಿ 28, ಶುಕ್ರವಾರ

ಹಸಿರು ಸಾಮಾನ್ಯದ್ದು. ಬಿಳಿ ನಮ್ಮದು.

ಗ್ರಂಥಾಲಯದ ಅಮ್ಮ ಲಕೋಟೆ ತಂದುಕೊಟ್ಟು, ಸಹಿ ಹಾಕಿಸಿಕೊಂಡು ಹೋದರು. ಮೇಡಂ ಒಡೆದು ಓದಿದರು. ನಾನು ಚೀಟಿ ಕಸಿದುಕೊಂಡು ಮತ್ತೆ ಓದಿದೆ. ‘ಅದಲುಬದಲು ಬರೆದಿಲ್ಲ ತಾನೇ?’ ಎಂದು ಬಾಣಸಿಗನನ್ನು ಕೇಳಿದೆ.

‘ಇಲ್ಲ ಇಲ್ಲ. ಈ ಸಲ ಕೈಕೊಟ್ಟಿದ್ದು ಸಾಮಾನ್ಯದ್ದೇ. ಹಳೇ ಸರಕು ಕೆಟ್ಟು ಹೋಗಿತ್ತು, ಮೊದಲಿಂದ ಮಾಡ್ಬೇಕಾಯ್ತು. ನಿಮ್ಮದು ಒಂದೇ ಏಟಿಗೆ ಬಂತು’ ಎಂದ.

ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟರು. ‘ನಿಮ್ಮದು ಕಮ್ಮಿ ಜಗ್ಗುತ್ತೆ ಅಂತಾಯ್ತು. ನಿಮ್ಮಣ್ಣಂಗೆ ಆ ಔಷಧಿ ಆಗಲ್ಲ. ಡಾಕ್ಟರಿಗೆ ಸೋಮವಾರ ತಿಳಿಸ್ತೀನಿ. ನೀನು ಮನೆಗೆ ಹೋಗು, ಮಲ್ಕೋ.’ ಪಾಪ, ಅವರು ಸಮಾಧಾನ ಹೇಳುತ್ತಿದ್ದರು.

ಮನೆಗೆ ಬಂದೆ. ಮಲಗಲಿಲ್ಲ.

ಮಾರ್ಚ್ 1, ಶನಿವಾರ

ಬೆಳಗ್ಗೆಯೇ ಹೋಗಿ ಕಸದ ಕಡತ ತೆರೆದೆ. ಎಪ್ಪತ್ತೊಂದನ್ನೂ ಒಂದೊಂದಾಗಿ ನೋಡಿದೆ. ನಾಲ್ಕು ಗಂಟೆ ಹಿಡಿಯಿತು.

ಹೆಚ್ಚು ಜಗ್ಗಿದವು ಎಂದು ಎಸೆದದ್ದು ಬಿಳಿಯಲ್ಲಿ ಮೂವತ್ತೊಂದು, ಹಸಿರಿನಲ್ಲಿ ನಾಲ್ಕು. ಕಡಿಮೆ ಜಗ್ಗಿದವು ಎಂದು ಎಸೆದದ್ದು ಹಸಿರಿನಲ್ಲಿ ಇಪ್ಪತ್ತೊಂಬತ್ತು, ಬಿಳಿಯಲ್ಲಿ ಮೂರು. ಉಳಿದ ನಾಲ್ಕು ನಿಜವಾಗಿಯೂ ಕಸ.

ಇದಕ್ಕೆ ವಿವರಣೆ ಬೇಕಿಲ್ಲ. ಹಸಿರು ನಮ್ಮದೆಂದು ತಿಳಿದು, ಹಸಿರನ್ನು ಎತ್ತಿ ಹಿಡಿದು ಬಿಳಿಯನ್ನು ತುಳಿದಿದ್ದೇನೆ. ಒಂದು ತಿಂಗಳಿಗೂ ಹೆಚ್ಚು, ದಿನಾ, ಕುತ್ತಿಗೆ ನೋಯಿಸಿಕೊಂಡು. ಮತ್ತು ಆ ತುಳಿದದ್ದು ಅಣ್ಣನನ್ನು.

ಜನವರಿಯ ಪುಟಗಳನ್ನು ಓದಿದೆ. ‘ಯೋಚಿಸುವುದಿಲ್ಲ’ ಎಂದು ಬರೆದಿದ್ದೇನೆ. ನನ್ನ ಮುಖಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಮಾರ್ಚ್ 2, ಭಾನುವಾರ

ಕಟ್ಟಡದಲ್ಲಿ ಕಾವಲಿನವನು ಬಿಟ್ಟರೆ ಯಾರೂ ಇರಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಸರಿಪಡಿಸಿಬಿಡೋಣ ಎಂದು ಕೂತೆ. ಕಸದಿಂದ ಒಂದೊಂದೇ ದಾಖಲೆ ಹೊರಗೆ ತೆಗೆಯುವುದು. ಅನ್ಯಾಯವಾಗಿ ಎಸೆದದ್ದನ್ನು ವಾಪಸು ತಂದರೆ ಅದು ಮೋಸ ಹೇಗಾದೀತು?

ಬಿಳಿಯ ದೊಡ್ಡವು ಹನ್ನೆರಡು ವಾಪಸು ತಂದೆ. ಹದಿಮೂರನೆಯದು ನಿಜಕ್ಕೂ ಎರಡು ಮೋಟಾರಿನ ಹಾಗೆ ಕಂಡಿತು. ಗೆರೆ ಎರಡು ಮೆಟ್ಟಿಲು ಹತ್ತಿತ್ತು. ಆದರೂ ಕೈ ಅದನ್ನು ತಂದಿತು. ‘ಅಷ್ಟೇನೂ ಕೆಟ್ಟದಾಗಿಲ್ಲ’ ಎಂದು ಬಾಯಿಬಿಟ್ಟು ಹೇಳಿಕೊಂಡೆ. ಆಗ ಭಯವಾಯಿತು. ಈಗ ಯಾವುದು ನಮ್ಮದೆಂದು ಗೊತ್ತಿದೆ, ಇನ್ನು ಈ ಕಣ್ಣನ್ನು ನಂಬುವಂತಿಲ್ಲ. ಹಸಿರನ್ನು ಎತ್ತಿದ ಕೈಯೇ ಈಗ ಬಿಳಿಯನ್ನು ಎತ್ತುತ್ತಿದೆ.

ಎಲ್ಲವನ್ನೂ ಮೊದಲಿದ್ದ ಹಾಗೇ ಇಟ್ಟು ಬಂದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ನನ್ನ ಸುಳ್ಳಿನ ಮೇಲೆ ಅಣ್ಣನ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೇಳಿದರೆ ಆ ಕೋಣೆಗೆ ಮತ್ತೆ ನನ್ನನ್ನು ಬಿಡುವುದಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ.

ಮಾರ್ಚ್ 3, ಸೋಮವಾರ

ಹೇಳಿದೆ.

ಮೇಡಂ ಡಾಕ್ಟರಿಗೆ ಫೋನು ಮಾಡುವ ಮೊದಲು ಹೋಗಿ ಬಾಗಿಲು ಹಾಕಿಕೊಂಡು ನಿಂತೇ ಹೇಳಿದೆ. ಎಣಿಕೆಯ ಹಾಳೆ ಮುಂದಿಟ್ಟೆ. ಅವರು ಹಾಳೆಯನ್ನು ಸಾಲುಸಾಲಾಗಿ ಓದಿದರು. ಬೈಯುತ್ತಾರೆಂದುಕೊಂಡಿದ್ದೆ.

‘ತಪ್ಪು ನಂದೂ ಇದೆ. ಯಾವ ಬಣ್ಣ ಯಾವುದು ಅನ್ನೋದನ್ನ ಮುಚ್ಚಿಟ್ರೆ ಸಾಕು ಅಂದ್ಕೊಂಡೆ’ ಎಂದರು. ಆಮೇಲೆ, ‘ಇನ್ನು ಆ ಕೋಣೆಗೆ ನೀನು ಹೋಗೋ ಹಾಗಿಲ್ಲ. ಕೀಲಿ ಕೊಡು.’

ಕೊಟ್ಟೆ. ಇನ್ನೂರ ಹನ್ನೆರಡು ದಾಖಲೆಗಳಿಗೂ ಗ್ರಂಥಾಲಯದ ಅಮ್ಮ ಹೊಸ ಸಂಖ್ಯೆ ಹಾಕಿ ಕಲಸಿಬಿಡುತ್ತಾರೆ. ಬಣ್ಣವೇ ಇರುವುದಿಲ್ಲ. ‘ತೀರಾ’ ಎಂದರೆ ಎಷ್ಟು ಎಂದು ಮೊದಲೇ ಬರೆದಿಟ್ಟು, ಪಿಸು ಎಲ್ಲವನ್ನೂ ಹೊಸದಾಗಿ ನೋಡುತ್ತಾಳೆ. ಡಾಕ್ಟರು ತಿಂಗಳ ಕೊನೆಯವರೆಗೆ ಕಾಯಲು ಒಪ್ಪಿದ್ದಾರೆ, ಒಂದು ದಿನ ಹೆಚ್ಚಿಲ್ಲ.

ಪಿಸು ಕೀಲಿ ತೆಗೆದುಕೊಳ್ಳಲು ಬಂದಾಗ, ‘ಅವತ್ತು ನೀನು ಕೇಳಿದ್ದು ಸರಿಯಾಗೇ ಇತ್ತು’ ಎಂದೆ. ‘ಗೊತ್ತು ಅಕ್ಕ’ ಎಂದಳು. ಮೊದಲ ಸಲ ಅವಳ ದನಿ ಪೂರ್ತಿ ಕೇಳಿಸಿತು.

ಮಾರ್ಚ್ 4, ಮಂಗಳವಾರ

ಮಧ್ಯಾಹ್ನ ಡಿಪೋಗೆ ಹೋದೆ. ಅಣ್ಣನ ಕೌಂಟರಿನ ಹಿಂದೆ ಛತ್ರಿಗಳೇ ನೂರಿರಬೇಕು. ಒಂದೇ ಕಾಲಿನ ಚಪ್ಪಲಿ, ಹಲ್ಲಿನ ಸೆಟ್ಟು, ಮಗುವಿನ ಟೋಪಿ. ಪ್ರತಿಯೊಂದಕ್ಕೂ ಚೀಟಿ ಕಟ್ಟಿ ದಿನಾಂಕ ಬರೆದಿದ್ದಾನೆ. ಅವನ ಕಾಲು ಊದಿಕೊಂಡಿದೆ, ಬೂಟಿನ ದಾರ ಬಿಚ್ಚಿಟ್ಟುಕೊಂಡು ಕೂತಿದ್ದ. ಇಷ್ಟು ತೆಳ್ಳಗಾಗಿದ್ದಾನೆಂದು ಫೋನಿನಲ್ಲಿ ಗೊತ್ತಾಗಿರಲಿಲ್ಲ.

ಎಲ್ಲ ಹೇಳಿದೆ. ಮುಚ್ಚಳ, ಕಸ, ಎಣಿಕೆ, ಕೀಲಿ ಕೊಟ್ಟದ್ದು.

‘ಅಂದ್ರೆ ನನ್ನ ಗೆಲ್ಲಿಸಬೇಕು ಅಂತ ಪಕ್ಕದವನಿಗೆ ಓಟು ಹಾಕ್ಬಿಟ್ಟೆ’ ಎಂದ.

ನಗಬೇಕೆಂದು ಹೇಳಿದ್ದು. ನಗು ಬರಲಿಲ್ಲ, ಅಳು ಬಂತು. ಛತ್ರಿ ಕೇಳಲು ಬಂದ ಹೆಂಗಸೊಬ್ಬಳು ನನ್ನನ್ನು ನೋಡಿ, ಏನೋ ಬೆಲೆಬಾಳುವುದನ್ನೇ ಕಳೆದುಕೊಂಡಿರಬೇಕೆಂದು ತಿಳಿದು, ‘ಸಿಗುತ್ತೆ ಬಿಡಿ, ಇವರು ಜೋಪಾನವಾಗಿ ಇಟ್ಟಿರ್ತಾರೆ’ ಎಂದು ಸಮಾಧಾನ ಮಾಡಿದಳು.

ಅವಳು ಹೋದ ಮೇಲೆ ಅಣ್ಣ ಕೇಳಿದ. ‘ಒಂದು ಮಾತು ಹೇಳು. ಬಿಳಿದೇ ನಮ್ದು ಅಂತ ಸರಿಯಾಗಿ ಊಹೆ ಮಾಡಿದ್ದಿದ್ರೆ, ನಿಮ್ಮ ಮೇಡಂ ಹತ್ರ ಹೋಗಿ ಹೇಳ್ತಿದ್ಯಾ?’

ಅಣ್ಣನ ಮುಂದೆ ನಾನು ಯಾವತ್ತೂ ಸುಳ್ಳು ಹೇಳಿ ದಕ್ಕಿಸಿಕೊಂಡಿಲ್ಲ.

‘ಇಲ್ಲ’ ಎಂದೆ.

ಅವನು ಒಂದು ಛತ್ರಿಯ ಚೀಟಿಯನ್ನು ಸರಿಮಾಡುತ್ತ ಕೂತ.

ಮಾರ್ಚ್ 19, ಬುಧವಾರ

ಈಗ ಎರಡನೆಯ ಮಹಡಿಯಲ್ಲಿ ಮಣಿ ತೊಳೆಯುವ ಕೆಲಸ. ಕಿಟಕಿಯಿದೆ. ಹೊರಗೆ ಒಂದು ಮರವಿದೆಯೆಂದು ಹದಿನಾರು ವರ್ಷದ ಮೇಲೆ ಗೊತ್ತಾಯಿತು. ಚಪ್ಪಲಿ ಹಾಕಿಕೊಂಡು ಓಡಾಡಬಹುದು. ಬಾಣಸಿಗ ಎದುರು ಸಿಕ್ಕರೆ ಬೇರೆ ದಾರಿ ಹಿಡಿಯುತ್ತಾನೆ, ಅವನಾಡಿದ ಒಂದು ಮಾತಿನಿಂದ ಇಷ್ಟಾಯಿತೆಂದು ಅವನಿಗೆ ಅಳುಕು. ತಪ್ಪು ಅವನದ್ದಲ್ಲ ಎಂದು ಹೇಳಬೇಕು. ಹೇಳಲು ಮೈಯಲ್ಲಿ ಶಕ್ತಿಯಿಲ್ಲ.

ಪಿಸು ಕೆಳಗೆ ನೂರ ಎಪ್ಪತ್ತರವರೆಗೆ ಮುಗಿಸಿದ್ದಾಳಂತೆ. ಏನಾಗುತ್ತಿದೆ ಎಂದು ನಾನು ಕೇಳುವ ಹಾಗಿಲ್ಲ.

ಅಣ್ಣ ಅವತ್ತಿನಿಂದ ಫೋನು ಮಾಡಿಲ್ಲ. ನಾನೂ ಮಾಡಿಲ್ಲ.

ಮಾರ್ಚ್ 27, ಗುರುವಾರ

ಬೆಳಗ್ಗೆ ಮೇಡಂ ಕರೆದರು. ಡಾಕ್ಟರೂ ಬಂದಿದ್ದರು. ಪಿಸು ಗೋಡೆಗೆ ಒರಗಿ ನಿಂತಿದ್ದಳು.

ಸಾಮಾನ್ಯದ್ದು 1.9. ನಮ್ಮದು 1.5.

ನಾನು ತೋರಿಸಿದಷ್ಟು ಅಂತರವಿಲ್ಲ. ಆದರೆ ನಮ್ಮದು ಕಡಿಮೆಯೇ. ಪಟ್ಟಿಗೆ ಅಣ್ಣ ಸೇರುವುದಿಲ್ಲ, ಮೊದಲೂ ಸೇರುತ್ತಿರಲಿಲ್ಲ, ಈಗಲೂ ಇಲ್ಲ. ಡಾಕ್ಟರು ಒಳ್ಳೆಯವರು. ಬೇರೆ ದಾರಿ ನೋಡೋಣ, ಊತ ಇಳಿಯುವ ಔಷಧಿ ಇವತ್ತಿನಿಂದಲೇ ಕೊಡುತ್ತೇನೆ ಎಂದರು.

‘ಒಂದು ವೇಳೆ ಆ ಔಷಧಿ ಅವನಿಗೆ ಕೊಟ್ಟಿದ್ದಿದ್ರೆ?’ ಎಂದು ಕೇಳಿದೆ.

‘ಮೊದಲೇ ಕಮ್ಮಿ ಜಗ್ಗೋ ಹೃದಯಕ್ಕೆ ಕಡಿವಾಣ ಹಾಕಿದ ಹಾಗಾಗ್ತಿತ್ತು. ಸ್ವಲ್ಪ ಎಚ್ಚರ ಇಲ್ದಿದ್ರೆ ತಿಂಗಳೊಳಗೆ ಕೈಮೀರಿ ಹೋಗ್ತಿತ್ತು’ ಎಂದರು. ಮಾಮೂಲಿ ಮಾತಿನ ಹಾಗೇ ಹೇಳಿದರು.

ಅವರು ಹೋದ ಮೇಲೆ ಪಿಸುವನ್ನು ಒಂದು ಲೆಕ್ಕ ಹಾಕಿಕೊಡಲು ಕೇಳಿದೆ. ನಾನು ಹಸಿರಿಗೆ ಮಾಡಿದ್ದನ್ನೆಲ್ಲ ಬಿಳಿಗೆ ಮಾಡಿದ್ದರೆ, ಬಿಳಿಗೆ ಮಾಡಿದ್ದನ್ನೆಲ್ಲ ಹಸಿರಿಗೆ ಮಾಡಿದ್ದರೆ ಏನು ಬರುತ್ತಿತ್ತು? ಅವಳು, ‘ಬೇಡ ಅಕ್ಕ’ ಎಂದಳು. ಒತ್ತಾಯ ಮಾಡಿದೆ. ಐದು ನಿಮಿಷದ ಕೆಲಸ.

ನಮ್ಮದು 2.0, ಸಾಮಾನ್ಯದ್ದು 1.6.

ಅಣ್ಣ ಪಟ್ಟಿಗೆ ಸೇರುತ್ತಿದ್ದ. ನಾನೇ ಖುಷಿಯಿಂದ ಫೋನು ಮಾಡಿ ಹೇಳುತ್ತಿದ್ದೆ. ಮೊದಲ ಗುಳಿಗೆ ನುಂಗಲು ನೀರಿನ ಲೋಟ ನಾನೇ ಹಿಡಿದುಕೊಳ್ಳುತ್ತಿದ್ದೆನೋ ಏನೋ. ಕೊಳವೆ ಎಣಿಸಿ ತಪ್ಪು ಊಹೆ ಮಾಡಿದ್ದೊಂದೇ ಅವನನ್ನು ಉಳಿಸಿದ್ದು, ನನ್ನ ಕೈಯಲ್ಲ, ನನ್ನ ಪ್ರೀತಿಯಂತೂ ಅಲ್ಲವೇ ಅಲ್ಲ. ಪಿಸು ಕುರ್ಚಿ ಎಳೆದುಕೊಟ್ಟಳು. ಕೂತೆ.

ಸಂಜೆ ಅಣ್ಣನಿಗೆ ಫೋನು ಮಾಡಿದೆ. ಸಂಖ್ಯೆ ಹೇಳಿದೆ, ಡಾಕ್ಟರು ಹೇಳಿದ್ದು ಹೇಳಿದೆ, ಆ ಐದು ನಿಮಿಷದ ಲೆಕ್ಕವನ್ನೂ ಬಿಡಲಿಲ್ಲ.

‘ನಂಗೋಸ್ಕರ ಮಾಡಿದೆ ಅಂತ ಗೊತ್ತು ಗುಬ್ಬಿ’ ಎಂದ. ‘ಆದ್ರೆ ಇನ್ಮೇಲೆ ನಂಗೋಸ್ಕರ ಏನೂ ಮಾಡ್ಬೇಡ.’

ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

‘ಮತ್ತೆ ನಾನೇನು ಮಾಡ್ಲಿ ಅಣ್ಣ?’

‘ಏನೂ ಬೇಡ. ಬಂದು ಕೂತ್ಕೋ. ನೀನು ನಮ್ಮನೆಗೆ ಬಂದು ಆರು ತಿಂಗಳಾಯ್ತು.’

ನಾಳೆ ಬರುತ್ತೇನೆ ಎಂದೆ. ಆಮೇಲೆ ಫೋನಿನಲ್ಲಿ ಹಳೆಯ ಫೋಟೊಗಳನ್ನು ಹಿಂದಕ್ಕೆ ಸರಿಸುತ್ತ ಹೋದೆ. ಅವರ ಮನೆಯಲ್ಲಿ ತೆಗೆದದ್ದು, ಅಣ್ಣ ಅತ್ತಿಗೆ ನಾನು ಮೂವರೂ ಇರುವುದು, ಕೊನೆಯದು ಜುಲೈ ತಿಂಗಳದ್ದು. ಬೆರಳು ಮಡಚಿ ಎಣಿಸಿದೆ, ಇನ್ನೊಮ್ಮೆ ಎಣಿಸಿದೆ. ಆರಲ್ಲ, ಎಂಟು. ಎರಡು ತಿಂಗಳು ಅವನು ನನ್ನ ಪರವಾಗಿ ಬಿಟ್ಟುಬಿಟ್ಟಿದ್ದ.